ಅಂತೋನಿಯ ದಪ್ಪ ಬಟನ್ ಟೈರು

ಮಳಗಿಯಿಂದ ಕಾಡಿನೊಳಗೆ ಮೂರು ಕಿಲೋಮೀಟರು ಹೋದರೆ ಅಂತೋನಿಯ ಕೇರಿ. ಹದಿನಾಲ್ಕು ಸಿದ್ದಿ ಮನೆಗಳು, ಅಷ್ಟೇ, ಅಲ್ಲಿಂದಾಚೆಗೆ ದಾರಿಯಿಲ್ಲ. ಮಳೆಗಾಲದಲ್ಲಿ ಆ ಕೆಸರಿಗೆ ಎತ್ತಿನ ಗಾಡಿಯೂ ಹಿಂದೆ ಸರಿಯುತ್ತದೆ. ಅಂತೋನಿಯ ಬಾಡಿಗೆ ಕಾರು ಮಾತ್ರ ಗುರ್ರೆನ್ನುತ್ತ ಅಂಗಳಕ್ಕೇ ಬಂದು ನಿಲ್ಲುತ್ತಿತ್ತು. ಕಾರಣ ಅದರ ಟೈರು. ಟೈರಿನ ಮೇಲಿನ ಉಬ್ಬುಹಲ್ಲಿಗೆ ಇಲ್ಲಿಯವರು ಬಟನ್ ಎನ್ನುತ್ತಾರೆ. ಅಂತೋನಿ ಹಾಕಿಸುತ್ತಿದ್ದದ್ದು ಅಂಗಡಿಯಲ್ಲೇ ಅತಿ ದಪ್ಪ ಬಟನ್ನಿನದು, ಗುಡ್ಡ ಹತ್ತುವ ಜೀಪಿನವರು ಹಾಕಿಸುವಂಥದು. ಕೇರಿಗೆ ಮೊದಲು ಕಾರು ತಂದವನು ತಾನು ಎಂಬ ಹೆಮ್ಮೆ ಇಪ್ಪತ್ತು ವರ್ಷವಾದರೂ ಅವನ ಮೀಸೆಯಿಂದ ಇಳಿದಿರಲಿಲ್ಲ. ದಿನಕ್ಕೆ ನೂರು ಕಿಲೋಮೀಟರು ಡಾಂಬರು, ಆರು ಕಿಲೋಮೀಟರು ಕೆಸರು. ಟೈರು ಆರಿಸುವುದು ಆ ಆರಕ್ಕೆ! ಯಾರಾದರೂ ಹೇಳಿದ್ದರೂ ಕೇಳುವ ಆಸಾಮಿಯಲ್ಲ ಬಿಡಿ.

ಸೋಮವಾರ, ಗುರುವಾರ ಅವನ ಕಾರು ಮಳಗಿಯ ಈರಕ್ಕನಿಗೆ ಮೀಸಲು. ಆಕೆಯ ಕಿಡ್ನಿ ಕೈಕೊಟ್ಟು ಎರಡು ವರ್ಷವಾಗಿತ್ತು. ವಾರಕ್ಕೆರಡು ಸಲ ಹುಬ್ಬಳ್ಳಿಗೆ ಹೋಗಿ ಡಯಾಲಿಸಿಸ್ ಮಾಡಿಸಬೇಕು. ಅಂತೋನಿ ಒಂದು ದಿನವೂ ತಪ್ಪಿಸಿರಲಿಲ್ಲ.

ಜುಲೈ ತಿಂಗಳ ಒಂದು ಸೋಮವಾರ, ಮನೆಯ ಮುಂದೆ ಇಳಿದ ಈರಕ್ಕ ಕಾರಿನ ಬಾಗಿಲು ಹಿಡಿದು ನಿಂತಳು.

"ತಮ್ಮಾ, ಸಾಕಾತು. ಇನ್ನ ನಾ ಬರೂದಿಲ್ಲ."

"ಹಂಗಂದ್ರ ಹೆಂಗ್ರಿ ಅಕ್ಕಾರ?"

"ಸೂಜಿ ತಡಕೋತೇನಿ. ಈ ದಾರಿ ತಡಕೊಳ್ಳೂದು ಆಗವಲ್ದು. ಬರೂವಾಗ ತಲಿ ಒಡದ ಹೋಗತೈತಿ."

ಡಯಾಲಿಸಿಸ್ ಬಿಟ್ಟರೆ ಮುಂದೇನೆಂದು ಈರಕ್ಕನಿಗೂ ಗೊತ್ತಿತ್ತು, ಸೊಸೆ ಪೂರ್ಣಿಮಾಳಿಗೂ ಗೊತ್ತಿತ್ತು. ಹುಬ್ಬಳ್ಳಿಯನ್ನು ಹತ್ತಿರ ತರುವುದು ಯಾರಿಂದಾದೀತು? ಪೂರ್ಣಿಮಾ ಅತ್ತು, ಅಂತೋನಿ ಕೈಮುಗಿದು, ಗುರುವಾರ ಒಂದು ಸಲ ಬರಲು ಅಂತೂ ಒಪ್ಪಿಸಿದರು.

ಆ ಗುರುವಾರವೇ ಸವೆದ ಟೈರು ಬದಲಿಸಬೇಕಿತ್ತು. ದಾರಿಯಲ್ಲೇ ಸಿಗುವ ಮುಂಡಗೋಡದ ಟೈರ್ ಅಂಗಡಿಯ ಜಾವೇದ, ಕಾರನ್ನು ಅಲ್ಲೇ ಬಿಡಿಸಿಕೊಂಡು ತನ್ನ ಸಣ್ಣ ಕಾರನ್ನು ಹುಬ್ಬಳ್ಳಿಗೆ ಕೊಟ್ಟು ಕಳಿಸಿದ.

ವಾಪಸು ಬರುವಾಗ ಹಿಂದಿನ ಸೀಟಿನಿಂದ ಉಸಿರಿಲ್ಲ, ಮಾತಿಲ್ಲ. ಎಂದಿನ ನರಳಿಕೆಯೂ ಇಲ್ಲ. ಕಾರು ಬದಿಗೆ ನಿಲ್ಲಿಸಿ ತಿರುಗಿ ನೋಡಿದ. ಈರಕ್ಕ ಬಾಯಿ ತೆರೆದುಕೊಂಡು ಗಡದ್ದಾಗಿ ನಿದ್ದೆ ಹೊಡೆಯುತ್ತಿದ್ದಳು. ಎರಡು ವರ್ಷದಲ್ಲಿ ಅವನು ಈ ದಾರಿಯಲ್ಲಿ ಅವಳ ನಿದ್ದೆ ಕಂಡಿರಲಿಲ್ಲ. ಅದೇ ದಾರಿ, ಅದೇ ಹೊಂಡ. ಇಲ್ಲದಿದ್ದದ್ದು ಒಂದೇ: ಡಾಂಬರಿನ ಮೇಲೆ ದಪ್ಪ ಬಟನ್ ಹೊರಡಿಸುವ ಗುಂಯ್ ಸದ್ದು ಮತ್ತು ಸೀಟಿನವರೆಗೂ ಬರುವ ಅದರ ನಡುಕ. ಅವನ ಕಿವಿಗೆ ಅದು ಎಂದೋ ಒಗ್ಗಿಹೋಗಿತ್ತು. ಅಂತೋನಿಗೆ ತನ್ನ ಮೇಲೆಯೇ ಸಿಟ್ಟು ಬಂತು, ನಾಚಿಕೆಯೂ ಆಯಿತು.

ಅಂಗಡಿಯ ಮುಂದೆ ಜಾವೇದ ನಾಲ್ಕು ಹೊಸ ದಪ್ಪ ಬಟನ್ ಟೈರು ತೆಗೆದು ಗೋಡೆಗೆ ಆನಿಸಿಟ್ಟಿದ್ದ.

"ಮೆಲ್ಲಗ ಮಾತಾಡಪಾ, ಅಕ್ಕಾರು ಮಲಗ್ಯಾರ," ಎಂದ ಅಂತೋನಿ. "ಇವು ಬ್ಯಾಡ. ನಿನ್ನ ಕಾರಿನ್ವು ಎಂಥಾವು?"

"ಸಾದಾ ರೋಡಿನ್ವು. ಭಾಯಿ, ನಮ್ಮ ಕಡೆ ಥಂಡಿ ಅಂದ್ರ ಒಂದು ಶಾಲು, ಬಿಸಲ ಅಂದ್ರ ಒಂದು ಟೊಪಗಿ. ಟೈರಿಗೆ ಅದು ಲೆಕ್ಕಕ್ಕಿಲ್ಲ. ನೋಡಬೇಕಾದದ್ದು ಮಳಿ ಒಂದ. ಈ ಗೀರು ನೋಡು, ನೀರು ಹಿಂಗ ಹರದ ಹೋಗತೈತಿ. ತೊಯ್ದ ಡಾಂಬರ ಮ್ಯಾಲ ಬ್ರೇಕ್ ಚಲೋ ಹಿಡಿತೈತಿ. ಸಪ್ಪಳ ಇಲ್ಲ." ಜಾವೇದ ಅನುಮಾನಿಸಿದ. "ಖರೆ, ನಿಮ್ಮ ಕೇರಿ ಕೆಸರ ಇವು ಏರೂದಿಲ್ಲ ನೋಡು."

ಅಂತೋನಿ ಟೈರಿಗೆ ಉಗುರು ಒತ್ತಿ ನೋಡಿದ. ಅಂಗಳದಲ್ಲಿ ಕಾರು ನಿಲ್ಲುವ ಜಾಗ ಕಣ್ಣಮುಂದೆ ಬಂತು.

"ಹಾಕು," ಎಂದ.

ಆ ದಿನ ಜಾವೇದನ ಕಾರಿನಲ್ಲೇ ಮನೆ ಮುಟ್ಟಿದ ಈರಕ್ಕ ಸೋಮವಾರದ ಮಾತೆತ್ತಲಿಲ್ಲ. ಕೇಳಲು ಅಂತೋನಿಗೂ ಧೈರ್ಯವಾಗಲಿಲ್ಲ. ಭಾನುವಾರ ಜಾವೇದನಿಂದ ತನ್ನ ಕಾರು ಬಿಡಿಸಿಕೊಂಡು ಬಂದು, ಸಂಜೆ ಪೂರ್ಣಿಮಾಳನ್ನು ಕೇಳಿ, ಹೊಸ ಟೈರಿನ ಕಾರನ್ನು ಅವರ ಅಂಗಳದಲ್ಲೇ ಬಿಟ್ಟು, ಕೊಡೆ ಹಿಡಿದು ಕೇರಿಗೆ ನಡೆದ.

ಸೋಮವಾರ ಬೆಳಿಗ್ಗೆ ಅವನು ಮಳೆಯಲ್ಲೇ ನಡೆದು ಬಂದಾಗ ಈರಕ್ಕ ಕಟ್ಟೆಯ ಮೇಲೆ ಕೂತು ಕಾರನ್ನೇ ನೋಡುತ್ತಿದ್ದಳು.

"ಇದು ಯಾವಾಗ ಬಂತೋ? ಸಪ್ಪಳನ ಕೇಳಲಿಲ್ಲ."

"ಟೈರ ಬದಲ ಮಾಡಿಸೇನ್ರಿ. ಜಾವೇದನ ಕಾರಿನಂಥಾವು. ಇನ್ನ ಗುಂಯ್ ಅನ್ನೂದಿಲ್ಲ."

ಈರಕ್ಕನ ಕಣ್ಣು ಅವನ ಕಾಲಿನ ಮೇಲೆ ನಿಂತಿತು. ಮೊಣಕಾಲಿನವರೆಗೆ ಕೆಸರು.

"ನಡಕೊಂಡ ಬಂದಿ?"

"ಮೂರ ಕಿಲೋಮೀಟರ ಅಷ್ಟ ಅಲ್ರೀ."

ಈರಕ್ಕ ಒಳಗೆ ಕೇಳುವಂತೆ ಕೂಗಿದಳು:

"ಪೂರ್ಣಿಮಾ, ಅಂತೋನಿಗೆ ಕಾಲ ತೊಳಕೊಳ್ಳಾಕ ಒಂದು ಕೊಡ ನೀರ ತಂದ ಇಡವಾ. ಕೊಡಾ ಇಲ್ಲೇ ಕಟ್ಟಿ ಮ್ಯಾಲ ಇರಲಿ. ಗುರುವಾರನೂ ಬೇಕಾಗತೈತಿ."