ರಜೆಯಲ್ಲಿ ಓದಿಸಿದ ಅಪ್ಪ

ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಓದಲು ಕೂರಿಸುವುದು ಹೇಗೆ ಎಂದು ನನ್ನ ಸೊಸೆ ಕೇಳುತ್ತಾಳೆ. ಅದನ್ನು ನಮ್ಮಪ್ಪನ ಹತ್ತಿರ ಕಲಿಯಬೇಕಿತ್ತು. ಟೇಕಲ್ ಕಡೆಯ ನಮ್ಮೂರಲ್ಲಿ ರಜೆ ಬಂತೆಂದರೆ ಮಕ್ಕಳ ಸ್ಲೇಟು ಅಟ್ಟ ಸೇರುತ್ತಿತ್ತು. ಹೆಣ್ಣುಮಕ್ಕಳದಂತೂ ಮತ್ತೆ ಕೆಳಗಿಳಿಯುತ್ತಲೇ ಇರಲಿಲ್ಲ. ಊರಿನ ಶಾಲೆಯಲ್ಲಿ ಇದ್ದಷ್ಟು ಕ್ಲಾಸು ನಾನು ಮುಗಿಸಿದ ವರ್ಷ ಅಪ್ಪ ಮಾತ್ರ ಬೇರೆ ಮಾತಾಡಿದ.

"ಓದೋದು ಬಿಡ್ಬೇಡ ಕಣಮ್ಮ. ರಜ ಪೂರ್ತಿ ಗಟ್ಟಿಯಾಗಿ ಓದು. ಮಾಲೂರು ಇಸ್ಕೂಲಿಗೆ ಸೇರಿಸ್ತೀನಿ, ಚಿಕ್ಕಮ್ಮನ ಮನೇಲಿ ಇರೀವಂತೆ."

ನಂಬದೆ ಏನು ಮಾಡಲಿ, ಅಪ್ಪನಲ್ಲವೇ? ನಮ್ಮದು ರೇಷ್ಮೆ ಸಾಕುವ ಮನೆ. ಕೊನೆಯ ಜ್ವರ ಎದ್ದ, ಅಂದರೆ ಕೊನೆಯ ಸಲ ಪೊರೆ ಕಳಚಿದ ಹುಳುವಿಗೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಮನೆಮಂದಿಯೆಲ್ಲ ಸೊಪ್ಪು ತರುವುದು, ಹಾಕುವುದರಲ್ಲೇ ಹೈರಾಣು. ನಾನು ಮಾತ್ರ ಕಂಬಕ್ಕೊರಗಿ ಓದುವ ಮಹಾರಾಣಿ. ಅಮ್ಮ ಗೊಣಗಿದರೆ, "ಅವಳನ್ನ ಎಬ್ಬಿಸ್ಬೇಡ, ಓದ್ಲಿ" ಎಂದು ಅಪ್ಪನೇ ಬಾಯಿ ಮುಚ್ಚಿಸುತ್ತಿದ್ದ. ಕೋಲಾರದಿಂದ ಪುರಾಣದ ಪುಸ್ತಕವನ್ನೂ ತಂದ. ನನಗೆ ಬೇಕಿದ್ದದ್ದು ಲೆಕ್ಕ, ಭೂಗೋಳ. "ಮೊದ್ಲು ಇದ್ನ ಓದು, ವಯಸ್ಸಾದೋರ್ಗೂ ಕೇಳ್ಸೋ ಹಂಗೆ" ಎಂದ. ಆಗಲೂ ನನಗೆ ಅನುಮಾನ ಬರಲಿಲ್ಲ.

ಶಾಲೆ ತೆರೆಯುವ ಹೊತ್ತಿಗೆ ಒಂದು ದಿನ, "ನಾಳೆ ದೊಡ್ಡೋರು ಬರ್ತಾರೆ, ನಿನ್ನ ಓದು ನೋಡ್ತಾರೆ" ಅಂದ. ಮಾಲೂರು ಶಾಲೆಯವರೇ ಎಂದುಕೊಂಡೆ. ಅಮ್ಮ ತಲೆಗೆ ಹೂವು ಮುಡಿಸಿದ್ದೂ ಪರೀಕ್ಷೆಗೇ ಎಂದುಕೊಂಡ ಪೆದ್ದಿ ನಾನು. ಬಂದವರು ಮುಳಬಾಗಿಲಿನವರು: ಕಣ್ಣಿಗೆ ಪೊರೆ ಬಂದ ಒಬ್ಬ ಮುದುಕಿ, ಅವರ ದೊಡ್ಡ ಮಗ. ಹೆಣ್ಣು ನೋಡಲು ಬಂದವರು ಹಾಡು ಹೇಳಿಸುವುದು ವಾಡಿಕೆ. ಇವರು ಪುರಾಣ ಓದಿಸಿದರು. ನಾನು ಉಸಿರು ಹಿಡಿದು ಓದಿದೆ. ಮುದುಕಿ ನನ್ನ ಕೆನ್ನೆ ಸವರಿ, "ಬಾಗಾ ಚದುವುತುಂದಿ. ಇಂಕ ನಾಕು ಕಳ್ಳೆಂದುಕು?" ಎಂದರು. ಚೆನ್ನಾಗಿ ಓದುತ್ತಾಳೆ, ಇನ್ನು ನನಗೆ ಕಣ್ಣು ಯಾಕೆ ಎಂದು. ಅವರ ಕಿರಿಮಗನಿಗೆ ನನ್ನನ್ನು ಕೊಡುವುದೆಂದು ಅಲ್ಲೇ ತಾಂಬೂಲ ಬದಲಾಯಿಸಿಕೊಂಡರು.

ಅವರು ಹೋದ ಮೇಲೆ ಕೇಳಿದೆ, "ಅಪ್ಪಾ, ಮಾಲೂರು ಇಸ್ಕೂಲು?"

"ಇನ್ಯಾಕಮ್ಮ ಇಸ್ಕೂಲು? ದಿನಾ ಓದೋ ಅಂಥ ಮನೇನೇ ಸಿಕ್ತಲ್ಲ" ಎಂದು ನಕ್ಕ.

ಆ ನಗುವನ್ನು ಇವತ್ತಿಗೂ ಕ್ಷಮಿಸಿಲ್ಲ. ಮದುವೆ ಊರಿನ ಹುಡುಗಿಯರಿಗೆಲ್ಲ ಆಗುತ್ತಿತ್ತು, ನನಗೂ ಆಗುತ್ತಿತ್ತು, ಹೇಳಿಯೇ ಮಾಡಬಹುದಿತ್ತು. ಅಪ್ಪ ನಂಬಿಸಿ ಕತ್ತು ಕೊಯ್ದ. ಅವತ್ತು ನಾಲ್ಕು ಕಡೆ ತಡವರಿಸಿದ್ದರೂ ಸಾಕಿತ್ತು, ಮುದುಕಿ ಬೇರೆ ಸೊಸೆ ನೋಡಿಕೊಳ್ಳುತ್ತಿದ್ದರು. ಮಾಲೂರಿಗೆ ಹೋಗಲೇಬೇಕೆಂದು ನಾನು ಒಂದಕ್ಷರವೂ ತಪ್ಪದಂತೆ ಓದಿದೆ.