ಕಿವಿ ಹಿಂಡಿದ ಕೈ

ಅವರ ಬಲಗೈ ಹೆಬ್ಬೆರಳು ಕಂಡರೆ ಸಾಕು, ನನ್ನ ಎಡಗಿವಿ ತಾನಾಗಿ ಬಿಸಿಯಾಗುತ್ತಿತ್ತು. ಅಗಲವಾದ, ಸೀಮೆಸುಣ್ಣ ಹಿಡಿದು ತುದಿ ಒಡೆದ ಹೆಬ್ಬೆರಳು. ಗಣಿತದ ಮಾಸ್ತರರು ಅದರಿಂದ ಹಿಂಡದ ಕಿವಿ ತೆಲುಗು ಸೀಮೆಯ ನಮ್ಮ ಕನ್ನಡ ಶಾಲೆಯಲ್ಲಿ ಇರಲಿಲ್ಲ. ಏಳರ ಮಗ್ಗಿಯೊಂದಕ್ಕೇ ನನ್ನ ಕಿವಿ ಸಾಕಷ್ಟು ಉದ್ದವಾಗಿದೆ.

ನಿವೃತ್ತರಾದ ಮೇಲೆ ಅವರು ಕಿವಿ ಒತ್ತಿ ನೋವು ಇಳಿಸುತ್ತಾರೆ ಎಂದು ಅವ್ವ ಹೇಳಿದಾಗ ಬಿದ್ದು ಬಿದ್ದು ನಕ್ಕೆ. ಒಬ್ಬ ವೈದ್ಯರ ಬಳಿ ಎರಡು ವರ್ಷ ಕಲಿತಿದ್ದರಂತೆ. ಕಲಿಯುವುದೇನಿದೆ, ಜೀವಮಾನವಿಡೀ ಅದೇ ಮಾಡಿದ್ದಾರಲ್ಲ ಎಂದೆ.

ಅವ್ವನ ಮೊಣಕಾಲಿಗಾಗಿ ನಾರಾಯಣಗೂಡದ ಅವರ ಮನೆಗೆ ಹೋದೆವು. ಜೀಡಿಮೆಟ್ಲಾದ ಕಾರ್ಖಾನೆಯವನೊಬ್ಬ ಸೊಂಟ ಹಿಡಿದುಕೊಂಡು ಕೂತಿದ್ದ. ಮಾಸ್ತರರು ಅವನಿಗೆ ತೆಲುಗಿನಲ್ಲಿ ಧೈರ್ಯ ಹೇಳಿ ಕಳಿಸಿ ಅವ್ವನತ್ತ ತಿರುಗಿದರು. ಮೊಂಡು ತುದಿಯ ಕಡ್ಡಿಯಿಂದ ಅವಳ ಕಿವಿಯನ್ನು ಚೂರುಚೂರೇ ಒತ್ತುತ್ತ ನನಗೆ ಹೇಳಿದರು:

"ಕಿವಿ ಅಂದ್ರ ತಲಿಕೆಳಗ ಮಲಗಿದ ಕೂಸು ಅಂತ ತಿಳ್ಕೊ. ಕೆಳಗ ತಲಿ, ಮ್ಯಾಲ ಕಾಲು."

ಒಂದು ಕಡೆ ಒತ್ತಿದಾಗ ಅವ್ವ ನೋವಿಗೆ "ಹಾಯ್" ಎಂದಳು. ಅಲ್ಲೇ ಒಂದು ಮೆಂತೆಕಾಳಿಟ್ಟು ಪಟ್ಟಿ ಅಂಟಿಸಿದರು. "ದಿನಾ ಮೂರು ಸರ್ತಿ ಒತ್ಕೊರಿ. ಡಾಕ್ಟರ್ ಕೊಟ್ಟ ಗುಳಿಗಿ ಮಾತ್ರ ಬಿಡಬ್ಯಾಡ್ರಿ."

ವಾರದೊಳಗೆ ಅವ್ವ ನೆಲದ ಮೇಲೆ ಕೂತು ರೊಟ್ಟಿ ಬಡಿದಳು. ನನ್ನ ನಗು ನಿಂತಿತು.

ಆದರೆ ನಾನು ನಿಜಕ್ಕೂ ಬೆರಗಾದದ್ದು ಅವರು ಕಡ್ಡಿ ಕೆಳಗಿಟ್ಟ ದಿನ. ಆಂಧ್ರ ಸರ್ಕಾರದ ಗುಮಾಸ್ತಿಕೆ ಮುಗಿಸಿ ಮನೆಯಲ್ಲಿದ್ದ ಅಪ್ಪನಿಗೆ ಆಸ್ಪತ್ರೆ ಎಂದರೆ ಆಗದು. ಮೈಯಲ್ಲಿ ಎಲ್ಲಿ ಏನಾದರೂ ಅವನ ಲೆಕ್ಕದಲ್ಲಿ ಅದು ವಾಯು. ಒಂದು ಬೆಳಿಗ್ಗೆ ಎದೆ ಸವರಿಕೊಳ್ಳುತ್ತ ಮಾಸ್ತರರ ಮನೆಗೇ ಕರೆದೊಯ್ಯೆಂದು ಹಟ ಹಿಡಿದ.

"ಮಾಸ್ತರ್ರ, ಎದಿಯಾಗ ವಾಯು ಹಿಡದೈತ್ರಿ. ಒಂದು ಕಾಳು ಹಚ್ಚಿಬಿಡ್ರಿ."

ಕಡ್ಡಿ ಎತ್ತಿಕೊಂಡ ಮಾಸ್ತರರು ಕೇಳಿದರು, "ನೋವು ಐತೋ, ಒಜ್ಜಿ ಐತೋ?"

ಅಪ್ಪ ಯೋಚಿಸಿದ. "ನೋವು ಅಂಥಾದ್ದೇನಿಲ್ರಿ. ಯಾರೋ ಎದಿ ಮ್ಯಾಲ ಕುಂತಂಗ ಭಾರ ಐತಿ, ಒಜ್ಜಿ ಐತಿ."

ಅವರು ಕಡ್ಡಿ ಕೆಳಗಿಟ್ಟರು. "ನೋವು ನನ್ನ ಕೆಲಸ. ಒಜ್ಜಿ ನಂದಲ್ಲ. ದವಾಖಾನಿಗೆ ನಡೀರಿ." ಬರಿಗಾಲಲ್ಲೇ ರಸ್ತೆಗಿಳಿದು ಆಟೋ ನಿಲ್ಲಿಸಿದರು. ಅಪ್ಪ ಬಾಗಿಲಲ್ಲೇ ನಿಂತು ಒಲ್ಲೆನೆಂದಾಗ ಅವನ ಕಿವಿಗೇ ಕೈ ಹಾಕಿದರು. ಅಪ್ಪ ಸುಮ್ಮನೆ ಹತ್ತಿ ಕೂತ.

ಹೃದಯಾಘಾತ, ಇನ್ನೊಂದು ತಾಸು ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು ವೈದ್ಯರು. ಅಪ್ಪ ಆಮೇಲೆ ಹನ್ನೊಂದು ವರ್ಷ ಬದುಕಿದ. ಒಂದೇ ಒಂದು ಮಾತು ಕೇಳಿ ರೋಗ ಗುರುತಿಸಿದ ಮನುಷ್ಯನನ್ನು ನೆನೆದರೆ ಈಗಲೂ ನನ್ನ ಮೈ ಜುಮ್ಮೆನ್ನುತ್ತದೆ.

ಕಡೆಗೆ ಮಾಸ್ತರರಿಗೇ ಕ್ಯಾನ್ಸರ್ ಬಂತು. ಔಷಧಿ ನಡೆದಿದ್ದರೂ ನೋವು ಪೂರಾ ತಗ್ಗುತ್ತಿರಲಿಲ್ಲ; ಒತ್ತಿಕೊಳ್ಳಲು ಬೆರಳಿಗೆ ಬಲವಿರಲಿಲ್ಲ. ನೋಡಲು ಹೋದ ನನ್ನನ್ನು ಹತ್ತಿರ ಕರೆದು ಒತ್ತೆಂದು ಕಿವಿ ಒಡ್ಡಿದರು. ಗುರುವಿನ ಕಿವಿಯನ್ನು ಎರಡೇ ಬೆರಳಲ್ಲಿ ಮುಟ್ಟಿಯೂ ಮುಟ್ಟದಂತೆ ಹಿಡಿದೆ.

"ಜೋರಲೆ ಒತ್ತೋ. ನಾ ನಿನಗ ಹಿಂಗ ಮೆಲ್ಲಕ ಹಿಂಡಿದ್ನೇನು?"

ಒತ್ತಿದೆ. ಬಹಳ ಹೊತ್ತಿನ ಮೇಲೆ ಕೇಳಿದೆ, "ನೋವು ಹೆಂಗೈತ್ರಿ ಸರ್?"

"ನೋವು ಇಳದೈತಿ," ಎಂದರು ಕಣ್ಣು ತೆರೆಯದೆ. "ಇನ್ನ ಉಳದದ್ದು ಒಜ್ಜಿ ಅಷ್ಟ."

ಒಜ್ಜಿ ಇಳಿಸುವುದು ನಮ್ಮಿಬ್ಬರ ಕೆಲಸವಲ್ಲವೆಂದು ಅವರೇ ನನಗೆ ಕಲಿಸಿದ್ದರು. ಆದರೂ ನಾನು ಕಿವಿ ಬಿಡಲಿಲ್ಲ.