ಹಗೇವಿನ ಬಾಯಿ ತೆರೆದ ದಿನ

ಬರ ಬರುವ ಮೊದಲೇ ಬರಕ್ಕೆ ತಯಾರಾಗಿರಿ ಎಂದು ಹೇಳಿಕೊಂಡು ತಿರುಗುವುದು ನನ್ನ ನೌಕರಿಯಾಗಿತ್ತು. ಧಾರವಾಡದಲ್ಲಿ ಓದುವಾಗ ಚರ್ಚಾಸ್ಪರ್ಧೆಗಳಲ್ಲಿ ಪರವಾಗಿಯೂ ವಿರೋಧವಾಗಿಯೂ ಮಾತಾಡಿ ಬಹುಮಾನ ತಂದಿದ್ದೆ. ಬ್ಲಾಕ್ ಆಫೀಸಿನವರಿಗೆ ಅಷ್ಟೇ ಸಾಕಾಯಿತು. ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಎಂದು ಸೈಕಲ್ ತುಳಿದು ಗ್ರಾಮಸೇವಕರಿಗೆ ಶಿಬಿರ ನಡೆಸಿದೆ. ಗಂಜಿ ಕೇಂದ್ರಕ್ಕೆ ಎಂಥ ಹಂಡೆ ಬೇಕು, ಹೊಳೆ ಏರಿದರೆ ಜನರನ್ನು ಎಲ್ಲಿಗೆ ಸಾಗಿಸಬೇಕು, ಯಾರಿಗೆ ಮೊದಲು ಬಡಿಸಬೇಕು. ಶಿಬಿರದ ಊಟ ಚೆನ್ನಾಗಿರುತ್ತಿತ್ತು. ಉಳಿದದ್ದರಲ್ಲಿ ನನಗೇ ನಂಬಿಕೆ ಕಡಿಮೆ.

ನಂಬಿದ್ದು ಒಂದನ್ನು ಮಾತ್ರ, ಊರೊಟ್ಟಿನ ಹಗೇವನ್ನು. ಹಗೇವು ನಮ್ಮ ಕಡೆ ಹೊಸದಲ್ಲ. ನೆಲದಲ್ಲಿ ಆಳವಾಗಿ ತೋಡಿ, ಸುತ್ತ ಹುಲ್ಲು ಕಟ್ಟಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಬಡಿದರೆ ವರ್ಷಗಟ್ಟಲೆ ಕೆಡುವುದಿಲ್ಲ. ಹಾನಗಲ್ಲದ ಭತ್ತದ ನೆಲದಲ್ಲಿ ಅದು ಆಗದ ಮಾತು, ತೋಡಿದರೆ ನೀರು. ಆದರೆ ಸವಣೂರಿನ ಕರಿನೆಲದ ಒಂದು ಊರಲ್ಲಿ, ಚಾವಡಿಯ ಮುಂದೆ, ಹಳೆಯ ಹಗೇವೊಂದು ಖಾಲಿ ಬಿದ್ದಿತ್ತು. ಸುಗ್ಗಿಯಲ್ಲಿ ಪ್ರತಿ ಮನೆಯೂ ಕೈಲಾದಷ್ಟು ಹಾಕಬೇಕು, ಕೆಟ್ಟ ಕಾಲದಲ್ಲಿ ಉಣ್ಣುವ ಬಾಯಿ ನೋಡಿ ಹಂಚಬೇಕು ಎಂದು ನಾನು ವಾದಿಸಿದೆ. ತಾಲೂಕಿನ ಮಾಮಲೇದಾರರ ಅಪ್ಪಣೆಯಿಲ್ಲದೆ ಕಲ್ಲು ಸರಿಸಬಾರದು ಎಂಬ ಕರಾರನ್ನು ಹಾಕಿಸಿದವನೂ ನಾನೇ. ಇಲ್ಲದಿದ್ದರೆ ಯಾರ ಕೈ ಬಲವಾಗಿದೆಯೋ ಅವರದೇ ಜೋಳ.

ಗೌಡರು ಎಲ್ಲರಿಗಿಂತ ಹೆಚ್ಚು ಹಾಕಿದರು. ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಕೂಲಿ ಮಾಡುತ್ತಿದ್ದ ಒಬ್ಬ ಹೆಂಗಸು ಕಾಳು ಕೇರುವ ಒಂದು ಮರದ ತುಂಬ ಜೋಳ ತಂದು ಸುರಿದಳು. ಸುರಿಯುವ ಮೊದಲು ಅವಳು ನನ್ನನ್ನು ವಿಚಾರಿಸಿಕೊಂಡಳು: ತನ್ನದು ಇಷ್ಟೇ, ನಾಳೆ ತೆಗೆಯುವಾಗ ಧರ್ಮಕ್ಕೆ ಕೊಟ್ಟಂತೆ ಕೊಡುವುದಿಲ್ಲ ತಾನೇ? ಇಲ್ಲ, ಹಾಕಿದವರೆಲ್ಲರದೂ ಒಂದೇ ಹಕ್ಕು ಎಂದೆ. ಅಂಥ ಮಾತು ನನಗೆ ಸಲೀಸು.

ಮುಂದೆ ಮಳೆ ಒಂದರ ಹಿಂದೊಂದು ಕೈಕೊಟ್ಟಿತು. ರೇಶನ್ ಅಂಗಡಿಗೆ ಬರಬೇಕಾದ ಅಮೆರಿಕದ ಗೋಧಿ ಬರಲಿಲ್ಲ. ಹಗೇವು ತೆಗೆಸಿಕೊಡಿ ಎಂದು ಊರವರು ಹೇಳಿಕಳಿಸಿದರು. ಮಾಮಲೇದಾರರ ಕಚೇರಿಗೆ ಹೋದೆ. ಅವರು ಕೆಟ್ಟವರಲ್ಲ, ನನ್ನಷ್ಟೇ ದಣಿದಿದ್ದರು. ಬೇಸಗೆ ಇನ್ನೂ ಇದೆ, ಈಗ ಕಾಲು ಪಾಲು ತೆಗೆಯಲಿ, ಉಳಿದದ್ದು ಆಮೇಲೆ ನೋಡೋಣ ಎಂದರು. ಅಲ್ಲಿ ನನ್ನ ಹಳೆಯ ಚಾಳಿ ಎದ್ದಿತು. ಹಗೇವನ್ನು ಕಾಲು ಭಾಗ ತೆಗೆಯಲು ಅದೇನು ಡಬ್ಬಿಯೇ? ಒಮ್ಮೆ ಬಾಯಿ ತೆರೆದರೆ ಗಾಳಿ ಹೊಗುತ್ತದೆ, ತೇವ ಹೊಗುತ್ತದೆ, ಉಳಿದ ಜೋಳ ಮುಗ್ಗುತ್ತದೆ. ಒಂದೊಂದೇ ಮೆಟ್ಟಿಲು ಹತ್ತಿಸಿ ಅವರನ್ನು ಒಪ್ಪಿಸಿದೆ.

“ಅಂದ್ರ ತೆಗದ್ರ ಪೂರಾ ತೆಗೀಬೇಕು?” ಎಂದರು.

“ಹೌದ್ರಿ.”

“ಪೂರಾ ತೆಗೀಲಿಕ್ಕೆ ಬರಗಾಲ ಅಂತ ಮ್ಯಾಲಿನವರು ಸಾರಬೇಕು. ಇನ್ನೂ ಸಾರಿಲ್ಲ. ಕಾಲು ಪಾಲಿಗೆ ನಾ ಸಹಿ ಮಾಡಾಂವ ಇದ್ದೆ. ಅದು ಆಗೂದಿಲ್ಲಂತ ನೀವ ಸಾಬೀತು ಮಾಡಿದ್ರಿ. ಚಹಾ ತಗೋರಿ.”

ಚಹಾ ಕುಡಿದು ಬಂದೆ.

ಊರವರು ಕಾಯಲಿಲ್ಲ. ಮಾರನೆಯ ವಾರ ನಾನು ಹೋಗುವಷ್ಟರಲ್ಲಿ ಕಲ್ಲು ಸರಿದಿತ್ತು, ಜನ ಸುತ್ತ ಕುಕ್ಕರುಗಾಲಿನಲ್ಲಿ ಕೂತಿದ್ದರು. ಮುಚ್ಚಿದ ಹಗೇವಿನೊಳಗೆ ಕೆಟ್ಟ ಗಾಳಿ ನಿಂತಿರುತ್ತದೆ, ಇಳಿದವನು ಅಲ್ಲೇ ಪ್ರಾಣ ಬಿಡಬಹುದು. ಅದಕ್ಕೇ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಾರೆ. ದೀಪ ಆರಿದರೆ ಯಾರೂ ಇಳಿಯುವಂತಿಲ್ಲ. ಆಗಲೇ ಒಮ್ಮೆ ಆರಿತ್ತಂತೆ.

ಆ ಬಿಡುವಿನಲ್ಲಿ ಗೌಡರು ತಮ್ಮ ಮಾತು ತೆಗೆದರು. ಸರಕಾರದ ಅಪ್ಪಣೆಯಿಲ್ಲ ಎಂದಮೇಲೆ ಸರಕಾರದ ಕರಾರೂ ಇಲ್ಲ. ಯಾರು ಎಷ್ಟು ಹಾಕಿದ್ದಾರೋ ಅಷ್ಟು ತಕ್ಕೊಂಡು ಹೋಗುವುದು. ವಾದವೇನೋ ಗಟ್ಟಿಯಾಗಿಯೇ ಇತ್ತು, ಅವರ ಕಡೆ ನಿಂತಿದ್ದರೆ ನಾನೂ ಹಾಗೇ ಹೇಳುತ್ತಿದ್ದೆ. ಹಾಗೆ ಹಂಚಿದರೆ ಆ ಹೆಂಗಸಿನ ಮನೆಗೆ ಹೋಗುವುದು ಒಂದು ಮರ ಜೋಳ. ಅಪ್ಪಣೆ ಕಚೇರಿಯದು, ಆದರೆ ಮಾತು ಊರು ತನಗೆ ತಾನೇ ಕೊಟ್ಟುಕೊಂಡದ್ದು ಎಂದು ಶುರುಮಾಡಿದೆ. ಕಂದೀಲು ಮತ್ತೆ ಇಳಿಯಿತು, ಆರಿತು. ನಾನು ಹೇಳುತ್ತಲೇ ಇದ್ದೆ. ಕೊನೆಗೆ ಹಗ್ಗ ಹಿಡಿದಿದ್ದವನು ತಲೆಯೆತ್ತದೆ ಅಂದ:

“ಭಾಷಣದ ಸಾಹೇಬ್ರನ್ನ ಬಾಯಿಗೆ ಕುಂದರಸ್ರಿ. ಇವರ ಮಾತಿನ ಗಾಳಿಗೆ ಒಳಗಿಂದು ತಾನ ಹೊರಗ ಬರತೈತಿ.”

ಎಲ್ಲರೂ ನಕ್ಕರು. ಗೌಡರೂ ನಕ್ಕರು, ನಕ್ಕದ್ದರಿಂದ ಸ್ವಲ್ಪ ಸಡಿಲಾದರು. ಆಗಲಿ, ತಲೆ ನೋಡಿ ಹಂಚಿರಿ. ಆದರೆ ತಾವು ಹಾಕಿದ್ದರಲ್ಲಿ ಪರರಿಗೆ ಹೋಗುವುದನ್ನು ಗೌಡರು ಕೊಟ್ಟದ್ದೆಂದು ಎಲ್ಲರೆದುರಿಗೆ ಹೇಳಬೇಕು ಎಂದರು. ನಾನು ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಅಷ್ಟರಲ್ಲಿ ಕಂದೀಲು ಆರದೆ ಉಳಿಯಿತು, ಇಬ್ಬರು ಇಳಿದರು.

ಜೋಳ ಬುಟ್ಟಿ ಬುಟ್ಟಿಯಾಗಿ ಮೇಲೆ ಬಂತು, ಹಗೇವಿನ ಹುಳಿ ವಾಸನೆಯೊಂದಿಗೆ. ಗೌಡರು ರಾಶಿಯ ಪಕ್ಕ ಕೂತು, ಅಳೆದಾಗಲೆಲ್ಲ “ಗೌಡರ ಮನೀದು” ಅನ್ನುತ್ತಿದ್ದರು. ಜನ ಕೈಮುಗಿದು ಒಯ್ಯುತ್ತಿದ್ದರು. ಹಸಿದವರು, ಅದರಲ್ಲಿ ಅವರ ತಪ್ಪೇನು?

ಆ ಹೆಂಗಸಿನ ಸರದಿ ಬಂತು. ಅವಳು ಬುಟ್ಟಿ ಒಡ್ಡಲಿಲ್ಲ. ಗೌಡರನ್ನೂ ನೋಡಲಿಲ್ಲ.

“ಸಾಹೇಬ್ರ, ನೀವ ಹೇಳ್ರಿ. ಇದು ಯಾರ ಜ್ವಾಳ?”

ಗೌಡರದು ಎಂದರೆ ಅವಳ ಮಕ್ಕಳು ಅಂದು ಉಣ್ಣುತ್ತಿದ್ದರು, ಬರುವ ಸುಗ್ಗಿಗೆ ಹಗೇವೂ ತುಂಬುತ್ತಿತ್ತು. ಎಲ್ಲರದು ಎಂದರೆ ಅವಳಿಗೆ ಕೊಟ್ಟ ಮಾತು ಉಳಿಯುತ್ತಿತ್ತು. ಎರಡೂ ಕಡೆಯ ವಾದ ನನಗೆ ಬಾಯಿಪಾಠವಾಗಿತ್ತು. ವಾದಕ್ಕೇ ಬೇಸತ್ತಿದ್ದೆ.

“ಹಗೇವಿಂದು, ಯಕ್ಕಾ,” ಎಂದೆ. “ಅವರದೂ ಐತಿ, ನಿಂದೂ ಐತಿ. ಬುಟ್ಟಿ ಹಿಡಿ.”

ಹಿಡಿದಳು. ಗೌಡರು ಎದ್ದು ಧೋತರ ಕೊಡವಿಕೊಂಡು ಮನೆಗೆ ಹೋದರು. ಹಂಚುವುದು ನಿಲ್ಲಲಿಲ್ಲ, ಆದರೆ ಆಮೇಲೆ ಯಾರೂ ನಗಲಿಲ್ಲ.

ಮುಂದಿನ ವರ್ಷ ಬೆಳೆ ಬಂತು. ಸುಗ್ಗಿಯಲ್ಲಿ ನಾನು ಹೋದಾಗ ಹಗೇವು ಖಾಲಿಯೇ ಇತ್ತು. ಗೌಡರು ಹಾಕದ್ದನ್ನು ನೋಡಿ ಉಳಿದ ದೊಡ್ಡ ಮನೆಗಳೂ ಹಾಕಿರಲಿಲ್ಲ. ಆ ಹೆಂಗಸು ಮರದಲ್ಲಿ ಜೋಳ ತಂದು ಕಲ್ಲಿನ ಮೇಲೆ ಕೂತಿದ್ದಳು. ಇಷ್ಟೇ ಜೋಳಕ್ಕೆ ಹಗೇವು ಮುಚ್ಚಲಾಗುವುದಿಲ್ಲ ಎಂದೆ. ಹಾಗಾದರೆ ಗೌಡರ ಹತ್ತಿರ ಮಾತಾಡಿ ಬನ್ನಿ, ತಾನು ಕೂತಿರುತ್ತೇನೆ ಎಂದಳು.

ಅವರು ಮನೆಯಲ್ಲಿ ಇರದಿದ್ದರೆ ಸಾಕು ಎಂದುಕೊಂಡು ನಡೆದೆ. ಇದ್ದರು. “ಬರ್ರಿ” ಎಂದರು, “ಕುಂದರ್ರಿ” ಎನ್ನಲಿಲ್ಲ. ಕಟ್ಟೆಯ ಕೆಳಗೆ ನಿಂತೇ ಮಾತಾಡಿದೆ. ಎಲ್ಲವನ್ನೂ ಕೇಳಿಸಿಕೊಂಡರು, ಒಂದೆರಡು ಕಡೆ ತಲೆಯನ್ನೂ ಆಡಿಸಿದರು. ಆಮೇಲೆ ಎತ್ತಿಗೆ ನೀರು ತೋರಿಸುವ ಹೊತ್ತಾಯಿತೆಂದು ಒಳಗೆ ಹೋದರು.

ಚಾವಡಿಗೆ ಮರಳಿದೆ. ಅವಳು ನನ್ನ ಮುಖವನ್ನೊಮ್ಮೆ ನೋಡಿ, ಜೋಳದ ಮರವನ್ನು ಸೊಂಟಕ್ಕಿಟ್ಟುಕೊಂಡು ಎದ್ದಳು.